ಹೆಸರು ಬರೆಯದ ನಿಲ್ದಾಣ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರು. ಮನೆಯ ಮಹಡಿಯಲ್ಲಿ ನಾನು ಕಟ್ಟುತ್ತಿರುವ ಪುಟ್ಟ ರೈಲು ಮಾದರಿಯ ಫೋಟೊಗಳನ್ನು ನೋಡಿ ನೀನು ಕೇಳಿದ್ದು ಒಂದೇ ಪ್ರಶ್ನೆ: ಸುರಂಗವಿದೆ, ಸೇತುವೆಯಿದೆ, ಪ್ಲಾಟ್‌ಫಾರ್ಮಿದೆ, ಹಳದಿ ಬೋರ್ಡೂ ಇದೆ, ಆದರೆ ಬೋರ್ಡಿನ ಮೇಲೆ ಎಡಕುಮೇರಿ ಎಂದು ಏಕೆ ಬರೆದಿಲ್ಲ? ಫೋನಿನಲ್ಲಿ ಹೇಳಹೊರಟರೆ ಮಾತು ಎತ್ತೆತ್ತಲೋ ಹೋಗುತ್ತದೆಂದು ಕಾಗದ ಹಿಡಿದು ಕೂತಿದ್ದೇನೆ. ಮೊದಲು ಆ ಹೆಸರು ಅಲ್ಲಿತ್ತು. ಎರಡು ತಿಂಗಳಾದ ಮೇಲೆ ನಾನೇ ಅದರ ಮೇಲೆ ಹಳದಿ ಬಣ್ಣ ಬಳಿದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯ ದಾರಿಯ ಮೇಲೆ ನನಗಿರುವ ಮೋಹ ನಿನಗೆ ಹೊಸದಲ್ಲ. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ದಾರಿ ತೆರೆದ ಮೇಲೆ, ಅಜ್ಜನ ಮನೆಗೆ ಹೋಗಿಬರುವಾಗಲೆಲ್ಲ ಕಿಟಕಿಯ ಸರಳುಗಳ ನಡುವೆ ಮೂಗು ತೂರಿಸಿ 57 ಸುರಂಗಗಳನ್ನು ಎಣಿಸಲು ಹೊರಟು, ಒಮ್ಮೆಯೂ ಲೆಕ್ಕ ತಪ್ಪದೆ ಮುಗಿಸದ ಹುಡುಗ ನಾನು. 1996ರಲ್ಲಿ ಅಂತರ ಹೆಚ್ಚಿಸಿ ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆಂದು ಆ ದಾರಿಯನ್ನು ಮುಚ್ಚಿದ ಮೇಲೆ ನಾವಿಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ದೋಣಿಗಲ್‌ನಿಂದ ಎಡಕುಮೇರಿಯವರೆಗೆ ನಡೆದೆವಲ್ಲ, ಅಂದೇ ಈ ಹುಚ್ಚಿನ ಬೀಜ ಬಿದ್ದದ್ದು. ರೈಲು ಬಿಟ್ಟರೆ ಬೇರೆ ದಾರಿಯಿಲ್ಲದ, ಕಾಡಿನ ನಡುವಿನ ಆ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಕೂತು ಬುತ್ತಿ ಬಿಚ್ಚಿದಾಗ, ಇದನ್ನು ಮನೆಗೆ ಹೊತ್ತುಕೊಂಡು ಹೋಗುವಂತಿದ್ದರೆ ಎಂದು ನಾನು ಅಂದದ್ದೂ, ಜಿಗಣೆ ಸಮೇತವೋ ಎಂದು ನೀನು ಕೇಳಿದ್ದೂ ನೆನಪಿದೆ.

ಹೊತ್ತುಕೊಂಡು ಬರುವ ಕೆಲಸ ಎಷ್ಟು ಕಷ್ಟದ್ದೆಂಬುದು ಮೊದಲ ದಿನದ ಲೆಕ್ಕದಲ್ಲೇ ತಿಳಿಯಿತು. ನಾನು ಆರಿಸಿಕೊಂಡದ್ದು ಎಚ್‌ಒ ಎಂಬ ಅಳತೆ, ಅಂದರೆ ನಿಜದ 87 ಮಿಲಿಮೀಟರಿಗೆ ಮಾದರಿಯಲ್ಲಿ ಒಂದು ಮಿಲಿಮೀಟರು. ಆ 55 ಕಿಲೋಮೀಟರ್ ಘಾಟಿಯನ್ನು 87ರಿಂದ ಭಾಗಿಸಿದರೂ 632 ಮೀಟರ್ ಉಳಿಯುತ್ತದೆ. ನಮ್ಮ ಮನೆಯ ಬಾಗಿಲಿನಿಂದ ಹಳಿ ಹಾಸುತ್ತ ಹೋದರೆ ತರಕಾರಿ ಅಂಗಡಿ, ಹಾಲಿನ ಬೂತು, ಗಣಪತಿಯ ಗುಡಿ ಎಲ್ಲವನ್ನೂ ದಾಟಬೇಕು. ನನಗಿರುವುದೋ ಮಹಡಿಯ ಕೋಣೆಯ ಒಂದು ಗೋಡೆ, ಹನ್ನೆರಡು ಅಡಿ. ನಿಜದ ಲೆಕ್ಕದಲ್ಲಿ ಅದು 318 ಮೀಟರ್ ಮಾತ್ರ. ಎಲ್‌ಎಚ್‌ಬಿ ಎಂಬ ಈಗಿನ ಹೊಸ ಬಗೆಯ ಬೋಗಿಯೊಂದು ಸುಮಾರು 23.5 ಮೀಟರ್ ಉದ್ದವಿದ್ದು, ಮಾದರಿಯಲ್ಲಿ 27 ಸೆಂಟಿಮೀಟರ್ ಆಗುತ್ತದೆ. ಅಂಥ 24 ಬೋಗಿಗಳ ರೈಲು ಮಾಡಿದರೆ ಎಂಜಿನ್ನು ಆ ತುದಿಯ ಗೋಡೆಗೆ ಮುಟ್ಟಿದಾಗ ಗಾರ್ಡ್ ಇನ್ನೂ ಮೆಟ್ಟಿಲ ಮೇಲಿರುತ್ತಾನೆ.

ಮೀಟರ್ ಗೇಜನ್ನೇ ಆರಿಸಿಕೊಂಡದ್ದಕ್ಕೆ ಹಳೆಯ ನೆನಪಷ್ಟೇ ಕಾರಣವಲ್ಲ. ಎಚ್‌ಒ ಅಳತೆಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹಳಿಯ ಅಗಲ, ಅಂದರೆ ಎರಡು ಹಳಿಗಳ ನಡುವಿನ ಅಂತರ, 16.5 ಮಿಲಿಮೀಟರ್, ಅದನ್ನು ಮಾಡಿರುವುದು ಯುರೋಪು, ಅಮೆರಿಕಗಳ 1435 ಮಿಲಿಮೀಟರ್ ಗೇಜಿಗಾಗಿ. ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರ್ ಆದ್ದರಿಂದ ಅದಕ್ಕೆ 19.3 ಮಿಲಿಮೀಟರ್ ಹಳಿ ಬೇಕು. ಸುಮಾರು ಮೂರು ಮಿಲಿಮೀಟರಿನ ಈ ಕೊರತೆ ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ, ಎದುರಿನಿಂದ ನೋಡಿದರೆ ಮಾತ್ರ ದಪ್ಪ ಮನುಷ್ಯನೊಬ್ಬ ಮಗನ ಚಪ್ಪಲಿ ಮೆಟ್ಟಿಕೊಂಡು ನಿಂತಂತೆ ಕಾಣುತ್ತದೆ. ಮೀಟರ್ ಗೇಜಿಗಾದರೆ ಬೇಕಾದದ್ದು 11.5 ಮಿಲಿಮೀಟರ್, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿಗೆಂದು ಮಾಡುವ 12 ಮಿಲಿಮೀಟರ್ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಬ್ರಾಡ್ ಗೇಜ್ ಮಾಡುವ ಮಿತ್ರರು ನನ್ನನ್ನು ಹಳೆಗಾಲದವನೆಂದು ನಗುತ್ತಾರೆ, ಅರ್ಧ ಮಿಲಿಮೀಟರಿನ ತಪ್ಪಿಗೆ ಮೂರು ಮಿಲಿಮೀಟರಿನವರು ನಗುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಳಿ ಸಿಕ್ಕಿದರೂ ಅದರ ಮೇಲೆ ಓಡುವ ನಮ್ಮ ವೈಡಿಎಂ-4 ಡೀಸೆಲ್ ಎಂಜಿನ್ನು ನನಗೆ ಎಲ್ಲಿಯೂ ಸಿದ್ಧವಾಗಿ ಸಿಗಲಿಲ್ಲ. ಅದಕ್ಕೂ ಒಂದು ಅಡ್ಡದಾರಿಯಿತ್ತು. ಟಿಟಿ ಎಂಬ ಇನ್ನೂ ಚಿಕ್ಕ ಅಳತೆ, 1:120, ಅದರ ಹಳಿಯೂ 12 ಮಿಲಿಮೀಟರೇ. ಆ ಅಳತೆಯ ಆರು ಆಕ್ಸಲ್‌ಗಳ ಹಳೆಯ ಜರ್ಮನ್ ಡೀಸೆಲ್ ಎಂಜಿನ್ನೊಂದರ ಮೈಕಳಚಿ, ಮೋಟಾರು ಮತ್ತು ಚಕ್ರಗಳನ್ನು ಮಾತ್ರ ಉಳಿಸಿಕೊಂಡು, ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ನಮ್ಮ ಎಂಜಿನ್ನಿನ ಮೈಯನ್ನು ಕತ್ತರಿಸಿ ಅಂಟಿಸಿದೆ. ಬೋಗಿಗಳ ಅಳತೆಗೆ ಇಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಟೇಪು ಹಿಡಿದುಕೊಂಡು ನಾಲ್ಕು ಭಾನುವಾರ ಹೋದೆ. ಆ ಸಂಗ್ರಹಾಲಯವೂ 1979ರಲ್ಲೇ ಶುರುವಾದದ್ದು ಎಂಬುದು ನನಗೆ ಯಾಕೋ ಸಂತೋಷ ಕೊಡುತ್ತದೆ. ಹಳೆಯ ಬ್ರಾಡ್ ಗೇಜ್ ಬೋಗಿಗಳಂತೆ ಅಂಚಿನಲ್ಲಿ ಎರಡು ಬಫರುಗಳಿರದೆ (ಬೋಗಿಗಳು ತಾಗಿದಾಗ ಹೊಡೆತ ತಡೆಯುವ ಗುಂಡುಗಳು) ನಟ್ಟನಡುವೆ ಒಂದೇ ಬಫರ್ ಇರುವುದು ಮೀಟರ್ ಗೇಜ್ ಬೋಗಿಯ ಗುರುತು. ಅದನ್ನು ತಪ್ಪಿದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಬೋಗಿ ಪರವೂರಿನದಾಗಿಬಿಡುತ್ತದೆ.

ಇನ್ನು ತಿರುವುಗಳ ಮಾತು. ರೈಲ್ವೆಯವರು ತಿರುವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 1750ನ್ನು ಆ ಡಿಗ್ರಿಯಿಂದ ಭಾಗಿಸಿದರೆ ಮೀಟರ್ ಲೆಕ್ಕದ ತ್ರಿಜ್ಯ ಸಿಗುತ್ತದೆ. ಎಂಟು ಡಿಗ್ರಿಯ ಬಿಗಿಯಾದ ತಿರುವಿಗೆ 219 ಮೀಟರ್, ಅಂದರೆ ನನ್ನ ಅಳತೆಯಲ್ಲಿ ಎರಡೂವರೆ ಮೀಟರ್. ಅಂಥ ಅರ್ಧ ವೃತ್ತಕ್ಕೆ ಐದು ಮೀಟರ್ ಅಗಲದ ಕೋಣೆ ಬೇಕಾಗುತ್ತದೆ. ನಾನು ಹಾಕಿದ್ದು 45 ಸೆಂಟಿಮೀಟರ್ ತ್ರಿಜ್ಯ; ನಿಜದ ಘಾಟಿಯಲ್ಲಿ ಯಾವ ಎಂಜಿನಿಯರನೂ ಕನಸಿನಲ್ಲಿಯೂ ಹಾಕದ ತಿರುವು ಅದು. ಏರಿನಲ್ಲಿ ಮಾತ್ರ ರಾಜಿಯಾಗಬಾರದೆಂದು 50ಕ್ಕೆ ಒಂದರ ಏರನ್ನೇ, ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್, ಹಾಗೆಯೇ ಉಳಿಸಿಕೊಂಡೆ. ಸಮತಟ್ಟಿನಲ್ಲಿ ಐದು ಬೋಗಿಗಳನ್ನು ಸಲೀಸಾಗಿ ಎಳೆಯುತ್ತಿದ್ದ ಎಂಜಿನ್ನು, ಏರೂ ತಿರುವೂ ಒಟ್ಟಿಗೆ ಬಂದ ಕಡೆ ಚಕ್ರ ಜಾರಿಸುತ್ತ ನಿಂತಲ್ಲೇ ನಿಂತಿತು. ಇಂದಿಗೂ ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲಿನ ಹಿಂದೆ ತಳ್ಳಲು ಎಂಜಿನ್ ಕಟ್ಟುತ್ತಾರೆ. ನಾನು ಎರಡು ಬೋಗಿ ಕಳಚಿ, ಎಂಜಿನ್ನಿನೊಳಗೆ ಸೀಸದ ತುಂಡುಗಳನ್ನು ತುಂಬಿದೆ. ಸಮತಟ್ಟು ಮುಗಿದು ಏರು ಶುರುವಾಗುವ ಜಾಗವನ್ನು ಹಠಾತ್ತನೆ ಮಡಚಬಾರದು, ಒಂದು ಗೇಣಾದರೂ ನಿಧಾನವಾಗಿ ಬಾಗಿಸಬೇಕು, ಇಲ್ಲದಿದ್ದರೆ ಬೋಗಿಗಳ ಕೊಂಡಿ ತಾನಾಗಿ ಕಳಚಿಕೊಳ್ಳುತ್ತದೆ. ಇದನ್ನು ಮೂರು ಸಲ ಕಿತ್ತು ಹಾಕಿದ ಮೇಲೆ ಕಲಿತೆ.

ಈಗ ಹೆಸರಿನ ವಿಷಯ. ಇಷ್ಟೆಲ್ಲ ಕುಗ್ಗಿಸಿದ ಮೇಲೂ ಬೋರ್ಡಿನಲ್ಲಿ ಎಡಕುಮೇರಿ ಎಂದು ಬರೆದು ತೃಪ್ತಿಯಿಂದ ಇದ್ದೆ. ಒಂದು ದಿನ ನಮ್ಮ ನಡಿಗೆಯಲ್ಲಿ ನೀನು ತೆಗೆದಿದ್ದ ಹಳೆಯ ಫೋಟೊಗಳನ್ನು ಪಕ್ಕದಲ್ಲಿ ಹರಡಿಕೊಂಡು ನೋಡಿದರೆ, ಸೇತುವೆ ಚೆನ್ನಾಗಿ ಕಾಣಲೆಂದು ನಾನದನ್ನು ಪ್ಲಾಟ್‌ಫಾರ್ಮಿನ ಮಗ್ಗುಲಿಗೇ ಎಳೆತಂದಿದ್ದೆ, ಬೆಟ್ಟವನ್ನು ಎಡದಿಂದ ಬಲಕ್ಕೆ ದಾಟಿಸಿದ್ದೆ, ಎದುರಿನ ರೈಲಿಗೆ ದಾರಿ ಬಿಡಲು ಪಕ್ಕಕ್ಕೆ ನಿಲ್ಲುವ ಲೂಪ್ ಲೈನನ್ನು ಮೂರು ಬೋಗಿ ನಿಲ್ಲುವಷ್ಟಕ್ಕೆ ಮೊಟಕುಮಾಡಿದ್ದೆ. ಯಾವುದನ್ನೂ ಮೋಸ ಮಾಡಬೇಕೆಂದು ಮಾಡಿರಲಿಲ್ಲ, ಒಂದೊಂದೂ ಆಯಾ ದಿನಕ್ಕೆ ಸರಿಯೆನಿಸಿತ್ತು. ಆದರೆ ಅಲ್ಲಿ ಇಡೀ ಮಳೆಗಾಲ ಕಳೆದ ಗ್ಯಾಂಗ್‌ಮನ್ ಒಬ್ಬರು ಬಂದು ನೋಡಿದರೆ ಏನೆಂದಾರು? ಅವರು ದಿನವೂ ಸುತ್ತಿಗೆ ಹಿಡಿದು ನಡೆದ ಹಳಿ ಇದಲ್ಲ. ಜಾಗವನ್ನು ಅಷ್ಟು ಬದಲಿಸುವುದಾದರೆ ಆ ಜಾಗದ ಹೆಸರನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲವೆನಿಸಿತು. ಕಡಗರವಳ್ಳಿಗೂ ಸಿರಿಬಾಗಿಲಿಗೂ ನಡುವೆ ಎಲ್ಲೋ ಇರಬಹುದಾಗಿದ್ದ, ಆದರೆ ಇಲ್ಲದ ಒಂದು ನಿಲ್ದಾಣ ಇದು ಎಂದುಕೊಂಡ ಕೂಡಲೇ ಕೈಗಳು ಸಡಿಲಗೊಂಡವು.

ವಿಚಿತ್ರವೆಂದರೆ, ಹೆಸರು ಅಳಿಸಿದ ಮೇಲೆಯೇ ಸಣ್ಣ ವಿವರಗಳಲ್ಲಿ ನಾನು ಹೆಚ್ಚು ಕಟ್ಟುನಿಟ್ಟಾದೆ. ಜಾಗ ಕಲ್ಪನೆಯದಾದ್ದರಿಂದ ಸಾಮಾನುಗಳಾದರೂ ನಿಜವಾಗಿರಬೇಕಲ್ಲವೇ. ಹಳಿಯ ಕೆಳಗಿನ ಜಲ್ಲಿಯನ್ನು ತೆಗೆದುಕೋ. ನಿಜದ ಜಲ್ಲಿಯ ದೊಡ್ಡ ಕಲ್ಲು 65 ಮಿಲಿಮೀಟರ್ ಎಂದರೆ ಮಾದರಿಯಲ್ಲಿ ಮುಕ್ಕಾಲು ಮಿಲಿಮೀಟರ್. ಕ್ರಷರ್ ಪುಡಿಯನ್ನು ತಂದು, ತೊಳೆದು ಒಣಗಿಸಿ, ಮೊದಲು ಕಾಫಿ ಸೋಸುವ ಜರಡಿಯಲ್ಲಿ, ಆಮೇಲೆ ಹಳೆಯ ಸೀರೆಯ ಬಟ್ಟೆಯಲ್ಲಿ ಜಾಲಿಸಿ, ನಡುವೆ ಉಳಿದದ್ದನ್ನು ಮಾತ್ರ ಇಟ್ಟುಕೊಂಡೆ. ಅದನ್ನು ಹಳಿಯ ಅಡಿಯ ಅಡ್ಡಪಟ್ಟಿಗಳಾದ ಸ್ಲೀಪರುಗಳ ನಡುವೆ ಸುರಿದು ಬಣ್ಣದ ಕುಂಚದಿಂದ ಹರಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಸಿಂಪಡಿಸಿ, ಬಳಿಕ ಒಂದಕ್ಕೆ ಮೂರರಷ್ಟು ನೀರು ಸೇರಿಸಿದ ಫೆವಿಕಾಲನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಹನಿಹನಿಯಾಗಿ ಬಿಡಬೇಕು. ಸೋಪಿನ ಹನಿಯಿಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೆಯೇ ಮುತ್ತಾಗಿ ಉರುಳಾಡುತ್ತದೆ. ಒಂದು ಸಂಜೆಗೆ ಒಂದು ಅಡಿ. ಅದಕ್ಕಿಂತ ಹೆಚ್ಚು ಮಾಡಿದರೆ ಬೆನ್ನು ಕೇಳುವುದಿಲ್ಲ.

ಹಸಿರಿನಲ್ಲಿ ಸೋತದ್ದನ್ನು ಮುಚ್ಚಿಡುವುದಿಲ್ಲ. ಮೊದಲ ಸಲ ಮಾಡಿದ ಕಾಡು ಕ್ರಿಕೆಟ್ ಮೈದಾನದಂತೆ ಒಂದೇ ಹಸಿರಾಗಿತ್ತು. ನಮ್ಮ ಮಲೆನಾಡಿನಲ್ಲಿ ಒಂದೇ ಹಸಿರೆಂಬುದು ಇಲ್ಲ. ಅಲ್ಲಿ ಕಪ್ಪಿಗೆ ತಿರುಗಿದ ಹಸಿರು, ಪಾಚಿಯ ಹಳದಿ, ಚಿಗುರಿನ ಕೆಂಪು ಎಲ್ಲ ಬೆರೆತಿರುತ್ತವೆ. ಆದ್ದರಿಂದ ಒಂದು ಕಾಲವನ್ನು ಗೊತ್ತುಮಾಡಿಕೊಂಡೆ: ಮಳೆ ಹಿಂದೆಗೆದ ಅಕ್ಟೋಬರ್ ತಿಂಗಳ ಮುಂಜಾನೆ. ಅಲ್ಲಿಂದ ಮುಂದೆ ಬಣ್ಣ ಹಾಕುವಾಗಲೆಲ್ಲ ಅಕ್ಟೋಬರಿನಲ್ಲಿ ಇದು ಹೇಗಿರುತ್ತದೆಂದು ಕೇಳಿಕೊಂಡರೆ ಸಾಕಾಗುತ್ತಿತ್ತು. ಒಣಗಿದ ತುಪ್ಪದ ಹೀರೇಕಾಯಿಯ ನಾರನ್ನು ಎಳೆದು ಹಿಗ್ಗಿಸಿ, ಅದರ ಮೇಲೆ ಮಿಕ್ಸಿಯಲ್ಲಿ ಪುಡಿಮಾಡಿ ಬಣ್ಣ ಹಾಕಿದ ಸ್ಪಂಜನ್ನು ಉದುರಿಸಿದರೆ ಪೊದೆ ಸಿದ್ಧ (ಆ ಮಿಕ್ಸಿ ಜಾರಿನ ವಿಷಯವಾಗಿ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ). ಕಾಡಿನ ಮೂವತ್ತು ಮೀಟರ್ ಮರ ಮಾದರಿಯಲ್ಲಿ ಒಂದಡಿಗೂ ಮಿಕ್ಕಿ ಬರುತ್ತದೆ. ಅಷ್ಟೆತ್ತರದ ಮರಗಳನ್ನು ಹಿಂದೆ ನಿಲ್ಲಿಸಿದರೆ ಬೆಟ್ಟವೇ ಗಿಡ್ಡವಾಗಿ ಕಾಣುತ್ತದೆಂದು ಎಲ್ಲವನ್ನೂ ಅರ್ಧಕ್ಕಿಳಿಸಿ, ಹಿಂದಿನವನ್ನು ಇನ್ನೂ ಚಿಕ್ಕದಾಗಿ ಮಾಡಿದೆ. ಜಲಪಾತಕ್ಕೆ ಗಾಜಿನ ಮೇಲೆ ಪಾರದರ್ಶಕ ಸಿಲಿಕೋನನ್ನು ಗೀರುಗೀರಾಗಿ ಎಳೆದು, ಒಣಗಿದ ಮೇಲೆ ಸುಲಿದು, ತುದಿಗೆ ಬಿಳಿ ಬಣ್ಣ ಸವರಿದೆ. ನೀನು ಫೋಟೊದಲ್ಲಿ ನಿಜವಾದ ನೀರೆಂದುಕೊಂಡದ್ದು ಅದನ್ನೇ.

ರೈಲನ್ನು ಹಳೆಯದಾಗಿ ಕಾಣಿಸುವ ಕೆಲಸವೇ ನನಗೆ ಎಲ್ಲಕ್ಕಿಂತ ಇಷ್ಟ. ಹೊಸ ಬಣ್ಣದ ಬೋಗಿ ಆಟಿಕೆಯಂತೆ ಕಾಣುತ್ತದೆ. ಚಕ್ರಗಳ ಸುತ್ತ ಬ್ರೇಕಿನ ಕಂದು ಧೂಳು, ಸುರಂಗದ ಬಾಯಿಯ ನೆತ್ತಿಯಲ್ಲಿ ಡೀಸೆಲ್ ಹೊಗೆಯ ಮಸಿ, ಛಾವಣಿಯ ಅಂಚಿನಿಂದ ಇಳಿದ ತುಕ್ಕಿನ ಗೆರೆ, ಇವೆಲ್ಲ ವಿದೇಶಿ ಪುಸ್ತಕಗಳಲ್ಲೂ ಇವೆ. ಕಿಟಕಿಯ ಕೆಳಗೆ ಎಲೆ ಅಡಿಕೆ ಉಗುಳಿದ ಕೆಂಪು ಕಲೆಯನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಗಾಳಿಗೆ ಅದು ಹಿಂದಕ್ಕೆ ಓರೆಯಾಗಿ ಹರಡುತ್ತದೆ ಎಂಬುದನ್ನು ನೋಡಿ ತಿಳಿದವರಷ್ಟೇ ಸರಿಯಾಗಿ ಬಳಿಯಬಲ್ಲರು. ಪ್ಲಾಟ್‌ಫಾರ್ಮಿನ ಮೇಲಿರುವ ಇಬ್ಬರು ಪ್ರಯಾಣಿಕರು ಮೂಲದಲ್ಲಿ ಕೋಟು ತೊಟ್ಟ ಜರ್ಮನ್ ಗೊಂಬೆಗಳು. ಟಿಶ್ಯೂ ಕಾಗದವನ್ನು ಅಂಟಿನ ನೀರಿನಲ್ಲಿ ನೆನೆಸಿ ಒಬ್ಬರಿಗೆ ಪಂಚೆ ಉಡಿಸಿದ್ದೇನೆ, ಇನ್ನೊಬ್ಬರಿಗೆ ಸೀರೆ. ಟೋಪಿಯನ್ನು ಬ್ಲೇಡಿನಲ್ಲಿ ಹೆರೆದು ತೆಗೆಯುವಾಗ ಒಬ್ಬರ ತಲೆ ಸ್ವಲ್ಪ ಚಪ್ಪಟೆಯಾಯಿತು.

ಕಳೆದ ಮಳೆಗಾಲದಲ್ಲಿ ಒಂದು ಅನಾಹುತವೂ ಆಯಿತು. ಪ್ಲೈವುಡ್ ಹಲಗೆಯ ಮೇಲ್ಭಾಗಕ್ಕಷ್ಟೇ ವಾರ್ನಿಷ್ ಹೊಡೆದಿದ್ದರಿಂದ ಕೆಳಭಾಗ ತೇವ ಹೀರಿ ಉಬ್ಬಿ, ಹಲಗೆ ಹಪ್ಪಳದಂತೆ ಬಾಗಿತು. ಪ್ಲಾಸ್ಟರ್ ಬೆಟ್ಟ ಬಿರುಕುಬಿಟ್ಟು ಹಳಿಯ ಮೇಲೆ ಜರಿಯಿತು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ದಿನಗಟ್ಟಲೆ ರೈಲು ನಿಂತಿತ್ತಲ್ಲ, ಅದೇ ನೆನಪಾಯಿತು. ರೈಲ್ವೆಯವರು ಹಗಲಿರುಳು ದುಡಿದು ಸರಿಪಡಿಸಿದರು, ನಾನು ದೀಪಾವಳಿಯವರೆಗೆ ಮುಟ್ಟಲಿಲ್ಲ. ಮತ್ತೆ ಕಟ್ಟುವಾಗ ಹಲಗೆಯ ಎಲ್ಲ ಮುಖಗಳಿಗೂ ವಾರ್ನಿಷ್ ಬಳಿದೆ. ಬೇಸಿಗೆಯಲ್ಲಿ ನಾಲ್ಕು ಮೀಟರ್ ಹಳಿ ಒಂದು ಮಿಲಿಮೀಟರಿಗೂ ಹೆಚ್ಚು ಹಿಗ್ಗಬಲ್ಲದೆಂದು ಕೀಲುಗಳಲ್ಲಿ ಸಂದು ಬಿಟ್ಟೆ. ಆ ಸಂದುಗಳಲ್ಲಿ ಕರೆಂಟು ಕಡಿಯಬಾರದೆಂದು ಪ್ರತಿ ತುಂಡು ಹಳಿಗೂ ಕೆಳಗಿನಿಂದ ಬೇರೆಯದೇ ತಂತಿಯನ್ನು ಬೆಸುಗೆ ಹಾಕಿದೆ.

ಕುಗ್ಗಿಸಲಾಗದೆ ಹಾಗೆಯೇ ಉಳಿದದ್ದು ಸಮಯ. ಗಂಟೆಗೆ 30 ಕಿಲೋಮೀಟರಿನಂತೆ ಘಾಟಿ ಹತ್ತುವ ರೈಲು ಮಾದರಿಯಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಚಲಿಸಬೇಕು. ಹನ್ನೆರಡು ಅಡಿ ದಾಟಲು ಅದಕ್ಕೆ 38 ಸೆಕೆಂಡು ಸಾಕು. ನೋಡಲು ಬಂದ ಮಕ್ಕಳು ಇನ್ನೂ ಜೋರಾಗಿ ಓಡಿಸಲು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸುರಂಗದೊಳಗೆ ಹೋದ ರೈಲನ್ನು ಬೆಟ್ಟದ ಹಿಂದೆ ಒಂದು ನಿಮಿಷ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಆಮೇಲೆ ಹೊರಬಿಡುತ್ತೇನೆ. ಆ ಒಂದು ನಿಮಿಷದಲ್ಲಿ ನನ್ನ 318 ಮೀಟರಿಗೆ ಎಷ್ಟೋ ಕಿಲೋಮೀಟರು ಸೇರಿಕೊಳ್ಳುತ್ತದೆ.

ಬೋರ್ಡು ಈಗಲೂ ಖಾಲಿಯಿದೆ, ಹೆಸರಿಡುವ ಕೆಲಸ ನಿನ್ನದು. ಕಲ್ಪನೆಯ ಊರಾದರೂ ಆ ಸೀಮೆಯಲ್ಲಿ ಇರಬಹುದಾದ ಹೆಸರಾಗಿರಲಿ, ನಿಮ್ಮ ಕಡೆಯ ಹಳ್ಳ, ಬಾಗಿಲು, ಕುಮೇರಿಗಳ ಹೆಸರುಗಳು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಒಂದೆರಡು ನಿಬಂಧನೆಗಳಿವೆ. ಬೋರ್ಡಿನ ಅಗಲ 29 ಮಿಲಿಮೀಟರ್, ಅಕ್ಷರದ ಎತ್ತರ ಮೂರೂವರೆ ಮಿಲಿಮೀಟರ್, ಅದರಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದರ ಕೆಳಗೊಂದು ಬರಬೇಕು. ಆದ್ದರಿಂದ ಐದು ಅಕ್ಷರ ಮೀರಬಾರದು. ಒತ್ತಕ್ಷರ ಬೇಡವೇ ಬೇಡ. ಅಷ್ಟು ಚಿಕ್ಕದಾಗಿ ಮುದ್ರಿಸಿದಾಗ ಒತ್ತುಗಳು ಕದಡಿ ಚುಕ್ಕೆಯಾಗುತ್ತವೆ; ಸುಬ್ರಹ್ಮಣ್ಯ ಎಂದು ಬರೆದು ನೋಡಿದೆ, ಇರುವೆ ಸಾಲಿನಂತಿತ್ತು. ದಸರಾ ರಜೆಗೆ ಬರುವಾಗ ಹೆಸರಿನ ಜೊತೆಗೆ ನಿಮ್ಮ ತೋಟದಲ್ಲಿ ಒಣಗಿ ನೇತಾಡುವ ತುಪ್ಪದ ಹೀರೇಕಾಯಿಗಳನ್ನೂ ನಾಲ್ಕೈದು ತಾ, ಸೇತುವೆಯ ಆಚೆಯ ಇಳಿಜಾರು ಇನ್ನೂ ಬೋಳಾಗಿದೆ.

ಇಂತಿ ನಿನ್ನ ಗೆಳೆಯ,
ಮೈಸೂರಿನಿಂದ