ಹರಳಿನೊಳಗಿನ ನೀರನ್ನೂ ಪಾಠದಲ್ಲಿ ತೋರಿಸಿ

ಮಾನ್ಯ ಸಂಪಾದಕರೇ,

ಪಿಯುಸಿ ಪ್ರಯೋಗಾಲಯಗಳಲ್ಲಿ ಲವಣ ವಿಶ್ಲೇಷಣೆಗೆಂದು ವಿದ್ಯಾರ್ಥಿಗಳ ಕೈಗೆ ಸಿಗುವುದು ಬಹುಮಟ್ಟಿಗೆ ಕುಟ್ಟಿದ ಪುಡಿ. ಮೈಲುತುತ್ತದ (ತಾಮ್ರದ ಸಲ್ಫೇಟ್) ಸೂತ್ರದಲ್ಲಿ ಚುಕ್ಕೆಯಿಟ್ಟು ಐದು ನೀರೆಂದು ಬರೆದರೆ ಅಂಕ ಬರುತ್ತದೆಯೇ ಹೊರತು, ಆ ನೀರು ಹರಳಿನಲ್ಲಿ ಎಲ್ಲಿದೆಯೆಂದು ಕೇಳುವವರು ವಿರಳ. ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಲ್ಲಾದರೂ ಈ ರೂಢಿ ಬದಲಾಗಬೇಕು. ಏಕೆಂದರೆ ಇಂಥ ಲವಣಗಳು ನಮ್ಮ ಭಾಗದ ಕಸುಬುಗಳಲ್ಲೇ ಬಳಕೆಯಲ್ಲಿವೆ.

ಬಿದರಿ ಕುಶಲಕರ್ಮಿಗಳು ಸತು-ತಾಮ್ರದ ಎರಕವನ್ನು ಉಜ್ಜಿ ನಯಗೊಳಿಸಿದ ಮೇಲೆ ಮೈಲುತುತ್ತದ ದ್ರಾವಣವನ್ನು ಸವರುತ್ತಾರೆ. ಮೇಲ್ಮೈಯ ಸತು ಕರಗಿ ಆ ಜಾಗದಲ್ಲಿ ತಾಮ್ರ ತೆಳುವಾಗಿ ಕೂರುವುದರಿಂದ ಪಾತ್ರೆ ಕಪ್ಪಾಗಿ, ಅದರ ಮೇಲೆ ಗೀಚಿದ ಚಿತ್ತಾರ ಸ್ಪಷ್ಟವಾಗಿ ಕಾಣುತ್ತದೆ. (ಕೊನೆಗೆ ಉಳಿಯುವ ಕಪ್ಪು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ್ದು, ಅದು ಬೇರೆ ವಿಷಯ.) ಇದೇ ಮೈಲುತುತ್ತದ ಹರಳಿನಲ್ಲಿ ಪ್ರತಿ ತಾಮ್ರದ ಅಯಾನಿನ (ವಿದ್ಯುದಾವೇಶವುಳ್ಳ ಕಣದ) ಸುತ್ತ ನಾಲ್ಕು ನೀರಿನ ಅಣುಗಳು ಚೌಕದ ನಾಲ್ಕು ಮೂಲೆಗಳಲ್ಲಿದ್ದು, ಮೇಲೂ ಕೆಳಗೂ ತುಸು ದೂರದಲ್ಲಿ ಸಲ್ಫೇಟಿನ ಆಮ್ಲಜನಕಗಳಿರುತ್ತವೆ, ಐದನೆಯ ನೀರು ಮಾತ್ರ ತಾಮ್ರವನ್ನು ಮುಟ್ಟದೆ, ಸಲ್ಫೇಟಿಗೂ ಉಳಿದ ನೀರಿಗೂ ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡಿರುತ್ತದೆ. 1912ರಲ್ಲಿ ಮ್ಯೂನಿಕ್‌ನಲ್ಲಿ ಭೌತವಿಜ್ಞಾನಿ ಲಾವೆ ಅವರ ಸೂಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಕ್ಸ್-ಕಿರಣ ಹಾಯಿಸಿ ವಿವರ್ತನೆಯನ್ನು (ಹರಳಿನ ಪರಮಾಣು ಸಾಲುಗಳಿಂದ ಕಿರಣ ನಿರ್ದಿಷ್ಟ ದಿಕ್ಕುಗಳಲ್ಲಿ ಚದುರುವುದನ್ನು) ಮೊದಲು ಕಂಡದ್ದು ಮೈಲುತುತ್ತದ ಹರಳಿನಲ್ಲೇ. ಅದರ ಒಳರಚನೆಯನ್ನು 1934ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಬಿಡಿಸಿ ತೋರಿಸಿದರು.

ಕಾಯಿಸಿದಾಗ ಈ ನೀರು ಮೊದಲು ಎರಡು, ಮತ್ತೆ ಎರಡು, ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೊನೆಯದೊಂದು, ಹೀಗೆ ಹಂತಹಂತವಾಗಿ ಹೋಗಿ ನೀಲಿ ಹರಳು ಬಿಳಿ ಪುಡಿಯಾಗುತ್ತದೆ. ಕೊನೆಗೆ ಉಳಿಯುವುದು ತಾಮ್ರಕ್ಕೆ ಅಂಟದ ಆ ಐದನೆಯ ನೀರೇ ಎಂದು ಹಲವು ಗೈಡುಗಳು ಬರೆಯುತ್ತವೆ. ಅದು ಅಷ್ಟು ಸರಳವಲ್ಲ: ಹಂತಹಂತಕ್ಕೂ ಹರಳಿನ ಜೋಡಣೆಯೇ ಬದಲಾಗುತ್ತದೆ, ಒಂದೇ ನೀರು ಉಳಿದ ಲವಣದಲ್ಲಿ ಆ ನೀರು ತಾಮ್ರಕ್ಕೇ ಅಂಟಿರುತ್ತದೆ.

ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಕ್ಲಿಂಕರ್ (ಸುಣ್ಣದಕಲ್ಲು, ಜೇಡಿಯನ್ನು ಸುಟ್ಟು ಪಡೆದ ಗಟ್ಟಿ ಉಂಡೆಗಳು) ಜೊತೆ ಅರೆಯುವ ಜಿಪ್ಸಮ್ಮಿನ ಕಥೆಯೂ ನೀರಿನದ್ದೇ. ಅದರಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಪದರಗಳ ನಡುವೆ ನೀರಿನ ಪದರವಿರುವುದರಿಂದ ಹರಳನ್ನು ಉಗುರಿನಿಂದಲೇ ಹಾಳೆಹಾಳೆಯಾಗಿ ಬಿಡಿಸಬಹುದು. ಮಿಲ್ಲಿನಲ್ಲಿ ಬಿಸಿ ಹೆಚ್ಚಾದರೆ ಜಿಪ್ಸಮ್ ನೀರಿನ ಮುಕ್ಕಾಲು ಪಾಲನ್ನು ಕಳೆದುಕೊಂಡು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಿಬಿಡುತ್ತದೆ. ಅಂಥ ಸಿಮೆಂಟ್ ನೀರು ಕಲೆಸಿದ ಕೆಲವೇ ನಿಮಿಷಗಳಲ್ಲಿ ಬಿಗಿದುಕೊಳ್ಳುತ್ತದೆ. ಗಾರೆ ಕೆಲಸದವರಿಗೆ ಇದರ ತೊಂದರೆ ಗೊತ್ತು, ಪಿಯುಸಿ ವಿದ್ಯಾರ್ಥಿಗೆ ಕಾರಣ ಗೊತ್ತಿರಬೇಕು.

ಆದ್ದರಿಂದ ಪ್ರಾಯೋಗಿಕ ತರಗತಿಯಲ್ಲಿ ಪುಡಿಯ ಜೊತೆ ಮೈಲುತುತ್ತದ ಇಡೀ ಹರಳನ್ನೂ ಇಡಬೇಕು. ಅದನ್ನು ಕಾಯಿಸುವ ಮೊದಲೂ ಆಮೇಲೂ ತೂಗಿಸಿ, ತೂಕದಲ್ಲಿ ಶೇ 36ರಷ್ಟು ನೀರಿತ್ತೆಂಬುದನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಬೇಕು. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಮೈಲುತುತ್ತ ವಿಷವಾದ್ದರಿಂದ ಪ್ರೌಢಶಾಲೆಯ ಮಕ್ಕಳಿಗೆ ಪಟಿಕ ಸಾಕು: ತಣಿದ ಗಾಢ ದ್ರಾವಣದಲ್ಲಿ ದಾರ ಇಳಿಬಿಟ್ಟರೆ ಎಂಟು ಮುಖಗಳ ಹರಳು ಬೆಳೆಯುತ್ತದೆ, ಅದರ ಹನ್ನೆರಡು ನೀರಿನಲ್ಲಿ ಆರು ಅಲ್ಯೂಮಿನಿಯಂ ಸುತ್ತ, ಆರು ಪೊಟ್ಯಾಸಿಯಂ ಸುತ್ತ ಇರುತ್ತವೆ.

— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಬೀದರ್