ಹಂಬನ್‌ತೋಟ: ಅರ್ಧ ಕಥೆ ಸಾಲದು

ಮಾನ್ಯರೇ,

ಸಾಲ ತೀರಿಸಲಾಗದ ಶ್ರೀಲಂಕಾದಿಂದ ಚೀನಾ ಹಂಬನ್‌ತೋಟ ಬಂದರನ್ನು ಕಿತ್ತುಕೊಂಡಿತು ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. 2017ರಲ್ಲಿ ಬಂದರನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದು ಹೌದು. ಚೀನಾದ ಕಂಪನಿ ಅದಕ್ಕೆ ಸುಮಾರು 112 ಕೋಟಿ ಡಾಲರ್ ಕೊಟ್ಟಿತು. ಆದರೆ ಅದರಿಂದ ಬಂದರು ಕಟ್ಟಲು ಚೀನಾದಿಂದ ತಂದ ಸಾಲವೇನೂ ಮನ್ನಾ ಆಗಲಿಲ್ಲ. ದುಡ್ಡು ವಿದೇಶಿ ವಿನಿಮಯದ ಖಜಾನೆ ಸೇರಿತು, ಸಾಲ ಶ್ರೀಲಂಕಾದ ತಲೆ ಮೇಲೆಯೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಆ ದೇಶ ಹೊರಸಾಲ ತೀರಿಸಲಾಗದೆ ಕೈಚೆಲ್ಲಿದಾಗಲೂ ಆ ಸಾಲದಲ್ಲಿ ದೊಡ್ಡ ಪಾಲು ಚೀನಾದ್ದಲ್ಲ, ವಿದೇಶಿ ಹೂಡಿಕೆದಾರರಿಗೆ ಮಾರಿದ ಅಂತರರಾಷ್ಟ್ರೀಯ ಬಾಂಡ್‌ಗಳದ್ದು (ಸಾಲಪತ್ರಗಳದ್ದು). ಈ ಮಾತು ಯಾಕೋ ಯಾರ ಬಾಯಲ್ಲೂ ಬರುವುದಿಲ್ಲ.

ಹಾಗಂತ ಚೀನಾ ಸುಮ್ನೆ ಧರ್ಮಕ್ಕೆ ಕೊಟ್ಟಿತು ಅಂತಲ್ಲ. ಮೊದಲ ಹಂತದ ಸಾಲಕ್ಕೇ ಶೇ 6.3 ಬಡ್ಡಿ. ನೆರವಿಗೆ ಇದು ಜಾಸ್ತಿಯೇ ಅಲ್ವಾ? ಜೊತೆಗೆ ಸಾಲ ತಂದ ಹಡಗಿನ ಹಿಂದೆಯೇ ಬೇರೆ ಹಡಗುಗಳೂ ಬರುತ್ತವೆ. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಹಡಗು ‘ಯುವಾನ್ ವಾಂಗ್ 5’ ಅಲ್ಲಿಗೆ ಬಂತು. ಭಾರತಕ್ಕೆ ಅದು ಇಷ್ಟವಿರಲಿಲ್ಲ. ಅದೇ ವರ್ಷ ಶ್ರೀಲಂಕಾಕ್ಕೆ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿದ್ದೂ ಭಾರತವೇ.

ಇಂಥ ಒಪ್ಪಂದಗಳ ಸುದ್ದಿ ಬರೆಯುವಾಗ ಬಡ್ಡಿ, ಅವಧಿ, ಷರತ್ತುಗಳನ್ನೂ ದಯವಿಟ್ಟು ಪ್ರಕಟಿಸಿ.

– ಒಬ್ಬ ಓದುಗ