ಉತ್ತು ಹೋದ ಕೋಟೆಗಳನ್ನು ಉಳಿಸಿ

ಸಂಪಾದಕರೇ,

ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್‌ನಲ್ಲಿ ಕಬ್ಬಿಣ ಯುಗದ ಎಷ್ಟೋ ಕೋಟೆಗಳು ನೆಲದ ಮೇಲೆ ಕಾಣುವುದೇ ಇಲ್ಲ. ಉತ್ತು ಉತ್ತು ದಿಬ್ಬ ಸಮವಾಗಿದೆ, ಕಂದಕ ಮುಚ್ಚಿದೆ. ಆದರೆ ಮಳೆ ಕೈಕೊಟ್ಟ ಬೇಸಿಗೆಯಲ್ಲಿ ವಿಮಾನದಿಂದ ನೋಡಿ, ಬಾರ್ಲಿ ಹೊಲದಲ್ಲಿ ಹಸಿರು ಬಳೆಗಳು ಎದ್ದು ಕಾಣುತ್ತವೆ! ಹಳೇ ಕಂದಕದಲ್ಲಿ ಮಣ್ಣು ಆಳ, ತೇವ ಜಾಸ್ತಿ. ಅಲ್ಲಿನ ಪೈರು ಎತ್ತರ ಬೆಳೆದು ತಡವಾಗಿ ಹಣ್ಣಾಗುತ್ತದೆ. ಕೆಳಗೆ ಕಲ್ಲುಗೋಡೆ ಇದ್ದರೆ ಬೇಗ ಒಣಗುತ್ತದೆ. 2018ರ ಬಿಸಿಲಿನಲ್ಲೂ ಬ್ರಿಟನ್ನಿನ ಉದ್ದಗಲಕ್ಕೆ ಹೊಸ ಗುರುತುಗಳು ಸಿಕ್ಕವು.

ಫೋಟೊ ಸಿಕ್ಕಿತಲ್ಲ, ಸಾಕು ಎಂದು ಸುಮ್ಮನಿರುವಂತಿಲ್ಲ. ಅಳಿದುಳಿದ ಕಂದಕವನ್ನು ನೇಗಿಲು ಪ್ರತಿ ವರ್ಷ ಇನ್ನಷ್ಟು ಕೆರೆಯುತ್ತದೆ. ಇಂಥ ಕಡೆ ಆಳ ಉಳುಮೆ ಬಿಟ್ಟು ಹುಲ್ಲು ಬೆಳೆಸುವ ರೈತರಿಗೆ ಪರಿಹಾರ ಸಿಗಲೇಬೇಕು. ನಷ್ಟವನ್ನೆಲ್ಲ ಅವರ ತಲೆಗೇ ಕಟ್ಟುವುದು ತಪ್ಪು ಅಲ್ವಾ?

– ಓದುಗ, ಎಡಿನ್‌ಬರಾ